ಏನು ಒತ್ತಿದೆ?

ಆ ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ಹೊರಡುವ ಪ್ರಶ್ನೆ ಒಂದೇ: "ಏನು ಒತ್ತಿದೆ?" ಕೇಳುವವರು ಗಂಡಸರು, ಕೇಳಿಸಿಕೊಳ್ಳುವವರು ಹೆಂಗಸರು. ಬಟ್ಟೆ ಒಗೆಯುವ ಯಂತ್ರ ಅರ್ಧಕ್ಕೆ ನಿಂತರೆ ಸೊಸೆಯನ್ನು ಕೇಳುತ್ತಿದ್ದರು, ಟೀವಿಯ ದನಿ ಹೋದರೆ ಮೊಮ್ಮಗಳನ್ನು ಕೇಳುತ್ತಿದ್ದರು. ಪ್ರೂಫಮ್ಮನ ಲ್ಯಾಪ್‌ಟಾಪಿಗೆ ವೈ-ಫೈ ಸಿಗದೆ ಹೋದ ಬೆಳಿಗ್ಗೆ ಮಗ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಬಂದು ಅದನ್ನೇ ಕೇಳಿದ.

"ಏನೂ ಒತ್ತಿಲ್ಲ ಕಣೋ. ಮುಚ್ಚಳ ತೆಗೆದೆ, ನೆಟ್‌ವರ್ಕೇ ಇಲ್ಲ ಅಂತಿದೆ."

"ತಂತಾನೇ ಹೋಗುತ್ತಾ? ಏನೋ ಒತ್ತಿರ್ತೀಯ, ನಿಂಗೇ ಗೊತ್ತಾಗಿರಲ್ಲ."

ಮಗ ಒದ್ದೆ ಕೈಯಲ್ಲೇ ಯಂತ್ರವನ್ನು ಆರಿಸಿ ಹಚ್ಚಿದ. ಮತ್ತೊಮ್ಮೆ ಆರಿಸಿ ಹಚ್ಚಿದ. ಅವನ ಮೊಬೈಲಿಗೆ ನೆಟ್ ಬರುತ್ತಿತ್ತು, ಸೊಸೆಯ ಮೊಬೈಲಿಗೆ ಬರುತ್ತಿತ್ತು, ಟೀವಿಗೂ ಬರುತ್ತಿತ್ತು. ಬಾರದಿದ್ದುದು ಇದೊಂದಕ್ಕೇ. "ಸಂಜೆ ನೋಡ್ತೀನಿ. ಅಲ್ಲೀವರೆಗೂ ಏನೂ ಒತ್ತಬೇಡ" ಎಂದು ಬಾಯಿ ಮುಕ್ಕಳಿಸಲು ಹೋದ.

ಪ್ರೂಫಮ್ಮ ಎಂಬುದು ಮುದ್ರಣಾಲಯದವರು ಇಟ್ಟ ಹೆಸರು. ಅದು ಅಲ್ಲಿಂದ ನಡೆದುಬಂದು ಮನೆಯಲ್ಲೂ ಬೀದಿಯಲ್ಲೂ ಬೇರುಬಿಟ್ಟಿತ್ತು. ಮಗ ಹುಟ್ಟುವುದಕ್ಕೂ ಮುಂಚಿನಿಂದ ಆಕೆ ಪುಸ್ತಕಗಳ ಕರಡು ತಿದ್ದುತ್ತಿದ್ದಳು. ಪಠ್ಯಪುಸ್ತಕ, ಸೇತುವೆ ಕಟ್ಟುವವರ ಕೈಪಿಡಿ, ಯಾರದೋ ಆತ್ಮಕಥೆ, ಇನ್ಯಾರದೋ ಪ್ರವಾಸ. ಒಲೆಯ ಮೇಲೆ ಬೇಳೆ ಬೇಯುತ್ತಿರುವಾಗ ಓದಿದ್ದಳು. ಮಗನಿಗೆ ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡೂ ಓದಿದ್ದಳು. ಪುಸ್ತಕದಲ್ಲಿ ಬರೆದವರ ಹೆಸರಿರುತ್ತದೆ, ಅಚ್ಚು ಹಾಕಿದವರ ಹೆಸರಿರುತ್ತದೆ, ರಕ್ಷಾಪುಟ ಬಿಡಿಸಿದವರ ಹೆಸರೂ ಇರುತ್ತದೆ. ತಪ್ಪು ತೆಗೆದವರ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ತಪ್ಪು ಉಳಿದುಬಿಟ್ಟರೆ ಆಗ ಎಲ್ಲರಿಗೂ ಅವರ ನೆನಪಾಗುತ್ತದೆ.

ಈ ಸಲದ ಮಾತು ಬೇರೆಯಾಗಿತ್ತು. ಮಕ್ಕಳ ದೊಡ್ಡ ನಿಘಂಟೊಂದು ತಯಾರಾಗುತ್ತಿತ್ತು. ಮುದ್ರಣಾಲಯದ ವ್ಯವಸ್ಥಾಪಕರು ತಾವಾಗಿಯೇ ಹೇಳಿದ್ದರು: "ಮೊದಲಿಂದ ಕೊನೇವರೆಗೂ ನೀವೇ ಓದಿ ಮುಗಿಸಿ. ಒಳಪುಟದಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ." ಆಕೆ ಅದನ್ನು ಮನೆಗೆ ಬಂದು ಹೇಳಿದಾಗ ಯಜಮಾನರು, ಅಂದರೆ ಆಕೆಯ ಗಂಡ, ಪತ್ರಿಕೆ ಮಡಚದೆಯೇ "ಒಳ್ಳೇದು, ಟೀ ಆಯ್ತಾ" ಎಂದಿದ್ದರು. ಆದರೂ ಆಕೆ ಖುಷಿಯಾಗಿಯೇ ಇದ್ದಳು. 'ಅ'ದಿಂದ ಹಿಡಿದು 'ಮ'ವರೆಗೆ ಬಂದಿದ್ದಳು. ಕಾಗದದ ಕಾಲ ಹೋಗಿತ್ತು. ಮುದ್ರಣಾಲಯದವರು ಪುಟಗಳನ್ನು ನೆಟ್‌ನಲ್ಲಿ ಇಡುತ್ತಿದ್ದರು, ಆಕೆ ಇಳಿಸಿಕೊಂಡು ತಿದ್ದಿ ಹಿಂದಕ್ಕೆ ಕಳಿಸಬೇಕಿತ್ತು. ಮಗ ಹೊಸದು ಕೊಂಡಾಗ ಬಿಸಾಡಲಿದ್ದ ಲ್ಯಾಪ್‌ಟಾಪಿನಲ್ಲಿ ಆಕೆ ಅದೆಲ್ಲವನ್ನೂ ಯಾರ ಹಂಗೂ ಇಲ್ಲದೆ ಕಲಿತಿದ್ದಳು.

ಆ ಸಂಜೆ ಊಟದ ಮೇಜಿನ ಮೇಲೆ ಒಂದು ಕಡೆ ಅನ್ನದ ಪಾತ್ರೆ, ಇನ್ನೊಂದು ಕಡೆ ಲ್ಯಾಪ್‌ಟಾಪು. ಮಗ ಟೈಲ್ಸ್ ಅಂಗಡಿಯಲ್ಲಿ ಮಾರಾಟದ ಕೆಲಸದವನು. ಒಮ್ಮೆ ಮನೆಯ ಪ್ರಿಂಟರನ್ನು ತಾನೇ ಜೋಡಿಸಿದ್ದಕ್ಕೆ ಕಂಪ್ಯೂಟರ್ ಪಂಡಿತನೆಂಬ ಬಿರುದು ಪಡೆದು, ಅದನ್ನೇ ಇನ್ನೂ ಉಣ್ಣುತ್ತಿದ್ದ. ನೆಟ್‌ವರ್ಕ್ ಮರೆಸಿ ನೋಡಿದ, ಪಾಸ್‌ವರ್ಡ್ ಬದಲಿಸಿ ನೋಡಿದ.

"ವೈರು ಹಾಕಿ ನೋಡೋಣ್ವಾ?" ಎಂದಳು ಪ್ರೂಫಮ್ಮ.

"ಈ ಕಾಲದಲ್ಲಿ ಯಾರೂ ವೈರು ಹಾಕಲ್ಲಮ್ಮ."

"ಹಾಕಿದ್ರೆ ಬೈತಾರಾ?"

"ನೀನು ಸುಮ್ನಿರು. ಒಳಗಡೆ ಏನೋ ಅದಲುಬದಲು ಮಾಡಿಟ್ಟಿದೀಯ. ಪೂರ್ತಿ ಅಳಿಸಿ ಹೊಸದಾಗಿ ಹಾಕ್ಬೇಕು."

ಯಜಮಾನರು ಅಷ್ಟರಲ್ಲಿ ತಮ್ಮ ಸುತ್ತು ಮುಗಿಸಿ ಬಂದು ಕೂತರು. ಅವರು ಬಟ್ಟೆ ಗೋದಾಮಿನ ಮೇಲ್ವಿಚಾರಕರಾಗಿ ನಿವೃತ್ತರಾದವರು. ಯಾರೋ ಆರಿಸದೆ ಹೋದ ಇಸ್ತ್ರಿಪೆಟ್ಟಿಗೆಯಿಂದ ಪಕ್ಕದ ಗೋದಾಮು ಬೂದಿಯಾದದ್ದನ್ನು ಕಣ್ಣಾರೆ ಕಂಡಿದ್ದರು. ಅಂದಿನಿಂದ ಸಂಜೆಯ ಸುತ್ತು ತಪ್ಪಿಸಿದವರಲ್ಲ. ಈಗ ಗೋದಾಮಿಲ್ಲವಾದ್ದರಿಂದ ಮನೆಯಲ್ಲೇ ಸುತ್ತುತ್ತಿದ್ದರು: ಮಿಕ್ಸಿ, ಗೀಸರು, ಟೀವಿಯ ಕೆಂಪು ದೀಪ, ಚಾರ್ಜರು. ಸೊಸೆ ಬೆನ್ನ ಹಿಂದೆ 'ಕತ್ತಲೆ ಇಲಾಖೆ' ಎನ್ನುತ್ತಿದ್ದಳು.

"ಇನ್ನೂ ಸರಿಹೋಗಿಲ್ವಾ? ಬರದಿದ್ದನ್ನ ಯಾಕೆ ಮುಟ್ಟೋದು" ಎಂದರು ಯಜಮಾನರು, ಸಾರಿಗೆ ಕೈಚಾಚುತ್ತಾ.

"ಬರದಿದ್ದಿದ್ರೆ ಅರ್ಧ ನಿಘಂಟು ಮುಗೀತಿತ್ತಾ?"

"ಮುಗಿದಿದ್ದು ಅರ್ಧ ತಾನೇ."

ಮಗ ಪೂರ್ತಿ ಅಳಿಸಿದ. ಹೊಸದಾಗಿ ಹಾಕಿದ. ವೈ-ಫೈ ಬರಲಿಲ್ಲ. ಆಕೆ ತಿದ್ದಿ ಇಟ್ಟು, ನೆಟ್ ಇಲ್ಲದ್ದರಿಂದ ಕಳಿಸಲಾಗದೆ ಉಳಿದಿದ್ದ 'ಮ' ಅಕ್ಷರದ ಪುಟಗಳೆಲ್ಲ ಹೋದವು. ಮಗುವಿನಿಂದ ಹಿಡಿದು ಮೌನದವರೆಗೆ ಒಂದೂ ಉಳಿಯಲಿಲ್ಲ.

"ಅಳಿಸೋ ಮುಂಚೆ ಒಂದು ಮಾತು ಕೇಳ್ಬಾರದಾಗಿತ್ತೇನೋ?"

"ಬೇರೆ ಕಡೆ ಒಂದು ಪ್ರತಿ ಇಟ್ಕೋಬೇಕಮ್ಮ. ಇಷ್ಟೂ ಗೊತ್ತಿಲ್ದೆ ಲ್ಯಾಪ್‌ಟಾಪ್ ಬಳಸ್ತೀಯ."

ಅಳಿಸಿದವನು ಅವನು, ಬೈಸಿಕೊಂಡವಳು ಆಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಿಘಂಟಿನ 'ಎ' ಅಕ್ಷರದಲ್ಲಿ ಆಕೆಯೇ ತಿದ್ದಿದ್ದಳು. ಅರ್ಥ ಆವತ್ತು ಸರಿಯಾಗಿ ತಿಳಿಯಿತು.

ಮುಂದಿನ ವಾರ ನೆಟ್ ಕಂಪನಿಯವನು ಬಂದು ಪೆಟ್ಟಿಗೆ ತಟ್ಟಿ ನೋಡಿ, "ನಮ್ಮ ಕಡೆ ಎಲ್ಲಾ ಸರಿಯಿದೆ. ಅಮ್ಮ, ನೀವೇನಾದ್ರೂ ಒತ್ತಿದ್ರಾ?" ಎಂದು ಕೇಳಿ ಹೋದ. ಆಕೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ರಿಪೇರಿ ಅಂಗಡಿಗೆ ಒಯ್ದಳು. ಅಂಗಡಿಯವನು ತಿರುಗಿಸಿ ಮುರುಗಿಸಿ, ಅಂಚು ಸವರಿ, ಬಿಚ್ಚಿ ಧೂಳು ಊದಿ, ಮತ್ತೆ ಜೋಡಿಸಿ ಮುಚ್ಚಳ ತೆಗೆದ. ನೆಟ್ ಬಂತು. "ಏನಾಗಿತ್ತು?" ಎಂದರೆ ಅವನಿಗೂ ಗೊತ್ತಿರಲಿಲ್ಲ, "ಧೂಳಿರ್ಬೇಕು" ಎಂದ. ಮನೆಗೆ ತಂದು ಆ ಮಧ್ಯಾಹ್ನವೆಲ್ಲ ಆಕೆ ಪಟ್ಟಾಗಿ ಕೂತು 'ಮ'ವನ್ನು ಮತ್ತೆ ಮೊದಲಿಂದ ತಿದ್ದತೊಡಗಿದಳು. ಬೆಳಿಗ್ಗೆ ನೋಡಿದರೆ ಹಳೆಯ ಕಥೆಯೇ.

"ಅಂಗಡೀಲಿ ಬರುತ್ತೆ, ಮನೇಲಿ ಬರಲ್ಲ. ಅಂದ್ರೇನು? ಕೆಟ್ಟಿರೋದು ಯಂತ್ರ ಅಲ್ಲ" ಎಂದ ಮಗ, ಷೂ ಕಟ್ಟಿಕೊಳ್ಳುತ್ತಾ.

"ಮತ್ಯಾರು?"

"ನಾನೇನೂ ಹೇಳಿಲ್ಲಪ್ಪ."

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ಹೇಳೋದಿದ್ರೆ ಹೇಳು."

ಅವನು ಅಂಗಡಿಗೆ ಹೊತ್ತಾಯಿತೆಂದು ಹೋದ. ಅವನ ಬದಲಿಗೆ ಯಜಮಾನರು ಪತ್ರಿಕೆಯ ಹಿಂದಿನಿಂದ ಹೇಳಿದರು: "ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ."

ಆವತ್ತು ಶಾಲೆಯಿಂದ ಬಂದ ಮೊಮ್ಮಗಳು ಬಾಗಿಲಲ್ಲಿ ನಿಂತು, ಒಂದು ಕೈ ಸೊಂಟದ ಮೇಲಿಟ್ಟು, ತನ್ನಪ್ಪನ ದನಿಯಲ್ಲೇ ಕೇಳಿದಳು: "ಅಜ್ಜಿ, ಇವತ್ತು ಏನು ಒತ್ತಿದೆ?" ಪ್ರೂಫಮ್ಮ ಆ ಮಗುವಿಗೆ ಹಾಲು ಕಾಯಿಸಿ ಕೊಟ್ಟಳು. ದೊಡ್ಡವರು ಬೈದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಬಹುದು. ಅದು ಮಗುವಿನ ಬಾಯಿಗೆ ಪಾಠವಾಗಿ ಹೋದರೆ ಮುಂದೆ ಆ ಮಗುವನ್ನೂ ಯಾರೋ ಹಾಗೇ ಕೇಳುತ್ತಾರೆ, ಅದೂ ತಲೆತಗ್ಗಿಸುತ್ತದೆ.

ಆಕೆ ಮತ್ತೊಮ್ಮೆ ಅಂಗಡಿಗೆ ಹೋಗಿಬಂದಳು. ಮತ್ತೆ ಅಲ್ಲಿ ಬಂತು, ಮನೆಯಲ್ಲಿ ಒಂದು ಮಧ್ಯಾಹ್ನ ಬಂತು, ಬೆಳಿಗ್ಗೆಗೆ ಸತ್ತಿತು. ನಿಘಂಟಿನ ಕೆಲಸ ತಡವಾಗುತ್ತಿದೆಯೆಂದು ತಾನೇ ಹೇಳಿಬಿಡೋಣ, ಪುಟಗಳನ್ನು ಮೊದಲಿನಂತೆ ಕಾಗದದಲ್ಲಿ ಕೊಡಿ ಎಂದು ಬೇಡೋಣ ಎಂದು ವ್ಯವಸ್ಥಾಪಕರಿಗೆ ಫೋನು ಮಾಡಿದಳು.

"ಅಯ್ಯೋ, ಉಳಿದ ಅಕ್ಷರಗಳನ್ನ ಬೇರೆಯವರಿಗೆ ಕೊಟ್ಟಾಯ್ತಲ್ಲಮ್ಮ" ಎಂದರು ಅವರು. "ನಿಮ್ಮ ಮಗನೇ ಫೋನ್ ಮಾಡಿದ್ರು. ಅಮ್ಮನಿಗೆ ವಯಸ್ಸಾಯ್ತು, ಯಂತ್ರ ಹಿಡಿತಕ್ಕೆ ಬರ್ತಿಲ್ಲ, ಏನೇನೋ ಒತ್ತಿ ಕೆಡಿಸ್ಕೋತಾರೆ, ಅವರಾಗಿ ಬಿಡಲ್ಲ, ನೀವೇ ಬಿಡಿಸಿ ಅಂದ್ರು. ನೀವೇ ಹೇಳಿಸಿದ್ದು ಅಂದ್ಕೊಂಡೆ."

"ಒಳಪುಟದ ಹೆಸರು?"

"ಕೊನೇವರೆಗೂ ಓದಿದವರದು ಅಂತ ಮಾತಾಗಿತ್ತಲ್ಲ."

ಆ ರಾತ್ರಿ ಊಟಕ್ಕೆ ಕೂತಾಗ ಪ್ರೂಫಮ್ಮ ಅನ್ನ ಬಡಿಸುತ್ತಲೇ ಮಗನನ್ನು ಕೇಳಿದಳು.

"ಮುದ್ರಣಾಲಯಕ್ಕೆ ಫೋನ್ ಮಾಡಿದ್ಯಾ?"

ಮಗ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನಿನ್ನ ಒಳ್ಳೇದಕ್ಕೇ ಮಾಡಿದ್ದು. ದಿನಾ ಕಣ್ಣು ಕೆಂಪು ಮಾಡ್ಕೊಂಡು ಬಸ್ಸಲ್ಲಿ ಓಡಾಡ್ತೀಯ. ಯಾರಿಗೆ ಬೇಕಾಗಿದೆ ಇದೆಲ್ಲ?"

"ನಂಗೆ ಬೇಕಾಗಿದೆ."

"ನಾನು ದುಡಿತಿಲ್ವಾ? ಅವಳು ದುಡಿತಿಲ್ವಾ?"

"ನೀನು ದುಡಿಯೋದಕ್ಕೂ ನನ್ನ ಹೆಸರಿಗೂ ಏನೋ ಸಂಬಂಧ? ನಾನು ನಿನ್ನ ಅಂಗಡಿ ಮಾಲೀಕನಿಗೆ ಫೋನ್ ಮಾಡಿ, ನನ್ನ ಮಗನಿಗೆ ಬುದ್ಧಿ ಸಾಲದು, ಕೆಲಸದಿಂದ ಬಿಡಿಸಿ ಅಂದ್ರೆ ನೀನು ಸುಮ್ನಿರ್ತೀಯಾ?"

"ಊಟದ ಹೊತ್ತಲ್ಲಿ ಯಾಕೆ ರಾಮಾಯಣ" ಎಂದರು ಯಜಮಾನರು. "ಅವನು ತಪ್ಪೇನೂ ಹೇಳಿಲ್ಲ. ಕೈಗೆ ಬರದಿದ್ರೆ ಬಿಡಬೇಕು."

ಸೊಸೆ ದಂತ ಚಿಕಿತ್ಸಾಲಯದಲ್ಲಿ ದಿನವೆಲ್ಲ ನಿಂತೇ ಕೆಲಸ ಮಾಡಿ ಬಂದವಳು. ಗಂಡ ಇನ್ನಷ್ಟು ಸಾರಿಗೆ ತಟ್ಟೆ ಮುಂದೆ ಮಾಡಿದಾಗ, ಪಾತ್ರೆಯನ್ನು ತಾನು ಎತ್ತದೆ ಅವನ ಕಡೆ ತಳ್ಳಿದಳು.

ಕರಡು ತಿದ್ದುವವರಿಗೆ ಒಂದು ಪದ್ಧತಿಯಿದೆ. ಒಂದೇ ತಪ್ಪು ಮತ್ತೆ ಮತ್ತೆ ಕಂಡರೆ ಅದನ್ನು ಅಲ್ಲಲ್ಲೇ ತಿದ್ದುತ್ತಾ ಕೂರುವುದಿಲ್ಲ. ಹಿಂದಕ್ಕೆ ಹೋಗಿ ಮೊದಲ ಸಲ ಎಲ್ಲಿ ಬಂತು ಎಂದು ಹುಡುಕುತ್ತಾರೆ. ಇಷ್ಟು ದಿನ ಆಕೆ ತನ್ನ ಮನೆಯವರ ಮಾತು ನಂಬಿ, ನಿಜವಾಗಿಯೂ ತಾನೇ ಏನೋ ಒತ್ತಿರಬಹುದೆಂದು ಒಳಗೊಳಗೇ ಹೆದರಿ, ಆ ಪದ್ಧತಿಯನ್ನೇ ಮರೆತಿದ್ದಳು. ಅದಕ್ಕಾಗಿ ಈಗ ತನ್ನ ಮೇಲೂ ಸಿಟ್ಟು ಬಂತು.

ಮೊದಲ ಸಲ ಯಾವಾಗ? ಒಳಕೋಣೆಯ ಮೇಜನ್ನು ಮೊಮ್ಮಗಳ ಓದಿಗೆ ಬಿಟ್ಟುಕೊಟ್ಟು, ಲ್ಯಾಪ್‌ಟಾಪನ್ನು ನಡುಮನೆಗೆ ಟೀವಿಯ ಪಕ್ಕಕ್ಕೆ ತಂದಿಟ್ಟ ಮರುದಿನ. ಅದಕ್ಕೆ ಮುಂಚೆ ಒಂದು ದಿನವೂ ಕೆಟ್ಟಿರಲಿಲ್ಲ. ಅಂಗಡಿಯಿಂದ ತಂದ ದಿನ ಸಂಜೆಯವರೆಗೂ ಸರಿಯಿರುತ್ತಿತ್ತು. ಬೆಳಿಗ್ಗೆಗೆ ಹೋಗಿರುತ್ತಿತ್ತು. ಹಾಗಾದರೆ ಕೆಡುವುದು ಸಂಜೆಯ ಮೇಲೆ, ಆಕೆ ಅದನ್ನು ಮುಚ್ಚಿಟ್ಟು ಅಡಿಗೆಮನೆಗೆ ಹೋದ ಹೊತ್ತಿನಲ್ಲಿ. ಆಕೆ ಮುಟ್ಟದಿರುವ ಹೊತ್ತಿನಲ್ಲಿ.

ಮೂರನೆಯ ಬಾರಿ ಅಂಗಡಿಗೆ ಒಯ್ದು ತಂದಳು. ಸಂಜೆ ಮುಚ್ಚಳ ಹಾಕಿದಳು. ಹುರುಳಿಕಾಯಿಯ ಬುಟ್ಟಿ, ಚಾಕು, ಮಣೆ ಎಲ್ಲವನ್ನೂ ಅಡಿಗೆಮನೆಯ ಬಾಗಿಲಿಗೆ ತಂದುಕೊಂಡು ನಡುಮನೆಯ ಕಡೆ ಮುಖಮಾಡಿ ಹೆಚ್ಚುತ್ತಾ ಕೂತಳು.

ಯಜಮಾನರು ಸುತ್ತು ಹೊರಟರು. ಮಿಕ್ಸಿಯ ಪ್ಲಗ್ಗು ಕಿತ್ತರು, ಗೀಸರು ನೋಡಿದರು. ಟೀವಿಯ ಕೆಂಪು ದೀಪ ಆರಿಸಿದರು. ಆಮೇಲೆ ಬಗ್ಗಿ, ಮುಚ್ಚಿದ ಲ್ಯಾಪ್‌ಟಾಪಿನ ಮುಂಭಾಗದ ಅಂಚಿನ ಕೆಳಗೆ ಹೆಬ್ಬೆರಳಿಟ್ಟು ಏನನ್ನೋ ಪಕ್ಕಕ್ಕೆ ಜರುಗಿಸಿ, ನೆಟ್ಟಗಾದರು.

ಪ್ರೂಫಮ್ಮ ಚಾಕು ಕೆಳಗಿಟ್ಟಳು.

"ಈಗ ಏನು ಮಾಡಿದ್ರಿ?"

"ಏನು ಮಾಡ್ದೆ? ಆರಿಸಿದೆ."

"ಏನನ್ನ?"

"ಇಲ್ಲೊಂದು ಪುಟಾಣಿ ದೀಪ ಇದೆ. ಮುಚ್ಚಿದ್ರೂ ಒಂದೊಂದು ದಿನ ಉರೀತಾನೇ ಇರುತ್ತೆ. ಪಕ್ಕದಲ್ಲೇ ಸ್ವಿಚ್ಚಿದೆ. ಜರುಗಿಸಿದ್ರೆ ಆರುತ್ತೆ. ಇಂಥವೇ ನೋಡು, ಮನೆ ಸುಡೋದು."

ಆಕೆ ಎದ್ದು ಬಂದು ಮುಚ್ಚಳ ತೆಗೆದಳು. ನೆಟ್‌ವರ್ಕ್ ಇಲ್ಲ. ಅಂಚಿನ ಕೆಳಗೆ ಬೆರಳಾಡಿಸಿದಳು. ಸವೆದು ಅಕ್ಷರವೆಲ್ಲ ಅಳಿಸಿಹೋದ, ಉಗುರಿಗೆ ಮಾತ್ರ ಸಿಗುವಷ್ಟು ಚಿಕ್ಕ ಸ್ವಿಚ್ಚು. ಜರುಗಿಸಿದಳು. ಪರದೆಯ ಮೇಲೆ ಮನೆಯ ವೈ-ಫೈ ಬಂತು, ಪಕ್ಕದ ಮನೆಯದೂ ಬಂತು. ಹಿಂದಕ್ಕೆ ಜರುಗಿಸಿದಳು. ಎಲ್ಲ ಹೋಯಿತು.

ಯಜಮಾನರು ಬಗ್ಗಿ ನೋಡುತ್ತಿದ್ದರು. "ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಂಗೇನು ಗೊತ್ತು? ಯಾರಾದ್ರೂ ಕೇಳಿದ್ರೆ ತಾನೇ ಹೇಳೋದು."

ಮಾತು ನಿಜವೇ ಆಗಿತ್ತು. ಅದೇ ಆಕೆಯನ್ನು ಹೆಚ್ಚು ಸುಟ್ಟದ್ದು. ಇಷ್ಟು ವಾರ ಮಗ ಕೇಳಿದ್ದು ಆಕೆಯನ್ನು, ಕಂಪನಿಯವನು ಕೇಳಿದ್ದು ಆಕೆಯನ್ನು, ಅಷ್ಟು ಚಿಕ್ಕ ಮಗು ಕೇಳಿದ್ದೂ ಆಕೆಯನ್ನೇ. ಮನೆಯ ಸ್ವಿಚ್ಚುಗಳನ್ನೆಲ್ಲ ದಿನಾ ಮುಟ್ಟುವ ಮನುಷ್ಯನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಮಗನೂ ಸೊಸೆಯೂ ಒಟ್ಟಿಗೇ ಕೆಲಸ ಮುಗಿಸಿ ಬಂದರು. ವಿಷಯ ಕೇಳಿ ಮಗ ಸೋಫಾದ ಮೇಲೆ ಬಿದ್ದು ನಕ್ಕ. "ಅಪ್ಪ, ನೀವೇನಾ ಕಳ್ಳ. ಊರೆಲ್ಲ ಹುಡುಕಿದ್ವಿ, ಕತ್ತಲೆ ಇಲಾಖೆ ಕೆಲಸ ಇದು." ಯಜಮಾನರೂ ಮೀಸೆಯೊಳಗೆ ನಕ್ಕರು. ಮೊಮ್ಮಗಳು ಕುಣಿದಳು. ಎಲ್ಲರೂ ನಗುನಗುತ್ತಲೇ ಊಟದ ಮೇಜಿಗೆ ಬಂದು ಕೂತರು. ಪ್ರೂಫಮ್ಮ ಪಾತ್ರೆಗಳನ್ನು ತಂದಿಟ್ಟಳು, ಮುಚ್ಚಳ ತೆಗೆಯಲಿಲ್ಲ.

"ನಾನು ಮಾಡಿದ್ರೆ ದಡ್ಡತನ, ಅವರು ಮಾಡಿದ್ರೆ ತಮಾಷೆ. ಅಲ್ವಾ?"

ನಗು ಅಲ್ಲಲ್ಲೇ ನಿಂತಿತು.

"ಹೋಗ್ಲಿ ಬಿಡಮ್ಮ. ಸಿಕ್ತಲ್ಲ ಈಗ."

"ನಂಗೆ ಸಿಕ್ತು. ವ್ಯವಸ್ಥಾಪಕರಿಗೆ ಸಿಕ್ಕಿಲ್ಲ. ಫೋನ್ ಮಾಡು."

"ಮಾಡಿ ಏನು ಹೇಳ್ಲಿ?"

"ಆವತ್ತು ಹೇಳಿದ್ದು ಸುಳ್ಳು ಅಂತ ಹೇಳು. ಪುಸ್ತಕದಲ್ಲಿ ತಪ್ಪು ಅಚ್ಚಾದ್ರೆ ಮನೇಲಿ ಕೂತು ಅಯ್ಯೋ ಅಂದ್ರೆ ಸಾಲಲ್ಲ, ಆ ಪುಸ್ತಕದಲ್ಲೇ ತಿದ್ದುಪಡಿ ಹಾಕ್ಬೇಕು. ನೀನು ಅಲ್ಲಿ ಹೇಳಿದೀಯ, ಅಲ್ಲೇ ತಿದ್ದು."

"ಮೊದ್ಲು ಊಟ ಹಾಕು, ನಾಳೆ ನೋಡೋಣ" ಎಂದರು ಯಜಮಾನರು.

"ಅಡಿಗೆ ಆಗಿದೆ. ತಿದ್ದುಪಡಿ ಆಗ್ಲಿ, ಬಡಿಸ್ತೀನಿ."

ಮಗ ಹೆಂಡತಿಯ ಮುಖ ನೋಡಿದ, ಸಹಾಯಕ್ಕೆ ಬರುತ್ತಾಳೇನೋ ಎಂದು. ಸೊಸೆ ಅವನ ಮೊಬೈಲನ್ನು ತಾನೇ ಎತ್ತಿಕೊಂಡು, ನಂಬರು ಹುಡುಕಿ, ದನಿ ಎಲ್ಲರಿಗೂ ಕೇಳುವಂತೆ ಮಾಡಿ ಮೇಜಿನ ನಡುವೆ ಇಟ್ಟಳು. "ಬಟ್ಟೆ ಒಗೆಯೋ ಯಂತ್ರ ನಿಂತಿದ್ದರ ವಿಷಯ ಆಮೇಲೆ ಮಾತಾಡೋಣ" ಎಂದಳು ಗಂಡನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳಿಸಿತು.

ವ್ಯವಸ್ಥಾಪಕರು ಎತ್ತಿದರು.

"ಸರ್, ಲ್ಯಾಪ್‌ಟಾಪ್ ಸರಿಹೋಯ್ತು" ಎಂದ ಮಗ.

ಪ್ರೂಫಮ್ಮ ಮೇಜಿನ ಮೇಲೆ ಬೆರಳು ಕುಟ್ಟಿದಳು. "ಪೂರ್ತಿ."

"ಅದು... ಅಮ್ಮ ಏನೂ ಕೆಡಿಸಿರಲಿಲ್ಲ ಸರ್. ಮನೇಲಿ ಬೇರೆಯವರು ಸ್ವಿಚ್ ಆಫ್ ಮಾಡ್ತಿದ್ರು. ಅಮ್ಮನಿಗೆ ಬರಲ್ಲ ಅಂತ ನಾನು ಹೇಳಿದ್ದು ತಪ್ಪು. ಅವರು ತಿದ್ದಿಟ್ಟಿದ್ದ ಪುಟ ಅಳಿಸಿದ್ದೂ ನಾನೇ."

"ಈಗ ನೀವು" ಎಂದಳು ಪ್ರೂಫಮ್ಮ ಗಂಡನಿಗೆ.

"ಅವನು ಹೇಳಿದ್ನಲ್ಲ. ನಾನ್ಯಾಕೆ?"

"ಮಾಡಿದ್ದು ಒಬ್ರು, ಹೇಳಿದ್ದು ಒಬ್ರು. ಎರಡು ತಪ್ಪಿಗೆ ಒಂದೇ ತಿದ್ದುಪಡಿ ಹಾಕಲ್ಲ."

ಯಜಮಾನರು ಮುಚ್ಚಿದ ಪಾತ್ರೆಗಳನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಮಗು ಕಣ್ಣು ಮಿಟುಕಿಸದೆ ಅವರ ಬಾಯನ್ನೇ ನೋಡುತ್ತಿತ್ತು. "ಆರಿಸ್ತಿದ್ದಿದ್ದು ನಾನು" ಎಂದರು ಮೊಬೈಲಿಗೆ. "ಅವಳದೇನೂ ತಪ್ಪಿಲ್ಲ."

ಆ ಕಡೆ ವ್ಯವಸ್ಥಾಪಕರು "ಪ್ರೂಫಮ್ಮ ಇದಾರಾ?" ಎಂದರು. "ಹೊಸಬರು 'ಲ'ವರೆಗೆ ಮುಗಿಸಿದಾರೆ. ಉಳಿದಿದ್ದು ಕಳಿಸ್ಲಾ?"

"ಕಳಿಸಿ. 'ಮ'ದಲ್ಲಿ ನಾನು ಎರಡು ಸಲ ತಿದ್ದಿದ್ದೂ ಇದೆ. ಒಳಪುಟದಲ್ಲಿ ಇಬ್ಬರ ಹೆಸರೂ ಹಾಕಿ. ಅವರೂ ಓದಿದಾರಲ್ಲ."

"ಹಾಕಿಸ್ತೀನಿ" ಎಂದರು ಅವರು.

ಪ್ರೂಫಮ್ಮ ಪಾತ್ರೆಗಳ ಮುಚ್ಚಳ ತೆಗೆದಳು. ಅನ್ನ ಆರಿತ್ತು. ಎಲ್ಲರೂ ಅದನ್ನೇ ಕಲಸಿಕೊಂಡು ಉಂಡರು.

ಮರುದಿನ ಸಂಜೆ ಆಕೆ ನಡುಮನೆಯಲ್ಲಿ 'ವ' ಅಕ್ಷರದ ಪುಟ ತೆರೆದು ಕೂತಿದ್ದಳು. ಅಡಿಗೆಮನೆಯಲ್ಲಿ ಮಗ ತರಕಾರಿ ಹೆಚ್ಚುವ ಸದ್ದು, ಅದು ಹೀಗಲ್ಲ ಹಾಗೆ ಎಂದು ಸೊಸೆ ಹೇಳುವ ಸದ್ದು. ಯಜಮಾನರು ಸುತ್ತು ಹೊರಟು ಮಿಕ್ಸಿ ನೋಡಿದರು, ಗೀಸರು ನೋಡಿದರು, ಟೀವಿಯ ಕೆಂಪು ದೀಪ ಆರಿಸಿದರು. ಅಭ್ಯಾಸಬಲದಿಂದ ಹೆಬ್ಬೆರಳು ಲ್ಯಾಪ್‌ಟಾಪಿನ ಕಡೆ ಹೋಯಿತು.

ಪ್ರೂಫಮ್ಮ ಪುಟದಿಂದ ಕಣ್ಣೆತ್ತಲಿಲ್ಲ.

"ಏನೂ ಒತ್ತಬೇಡಿ" ಎಂದಳು.